ಕೆಲಸ ಬದಲಾಯಿತು, ಓಟಿ ನಿಂತಿತು

ಕಾಮಾಕ್ಷಿಪಾಳ್ಯದಿಂದ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನವರೆಗೆ ಹಬ್ಬಿರುವ ಶೆಡ್ಡುಗಳಲ್ಲಿ ದುಡಿಯುವವರು ಸ್ಯಾಲರಿ ಸ್ಲಿಪ್ಪನ್ನು ಮೇಲಿನಿಂದ ಕೆಳಕ್ಕೆ ಓದುವುದಿಲ್ಲ. ಕಣ್ಣು ಮೊದಲು ಹೋಗುವುದೇ ಓಟಿ ಎಂದು ಬರೆದಿರುವ ಸಾಲಿಗೆ. ಬೇಸಿಕ್ ಎಷ್ಟು, ಡಿ.ಎ. ಎಷ್ಟು ಎಂಬುದು ಮೊದಲೇ ಗೊತ್ತು. ಈ ತಿಂಗಳು ಚೀಟಿ ಕಟ್ಟಲು ಕೈಸಾಲ ಮಾಡಬೇಕೇ, ಅಡವಿಟ್ಟ ಬಳೆಯ ಬಡ್ಡಿ ತೀರುತ್ತದೆಯೇ ಎಂಬುದನ್ನು ಹೇಳುವುದು ಆ ಒಂದು ಸಾಲು.

ಲೆಕ್ಕಕ್ಕೆ ಒಬ್ಬ ಸಿಎನ್‌ಸಿ ಆಪರೇಟರನ್ನು ತೆಗೆದುಕೊಳ್ಳೋಣ. ಬೇಸಿಕ್ ಮತ್ತು ಡಿ.ಎ. ಸೇರಿ 18,200 ರೂಪಾಯಿ. 26 ದಿನಕ್ಕೆ ಹಂಚಿದರೆ ದಿನಕ್ಕೆ 700. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 87 ರೂಪಾಯಿ 50 ಪೈಸೆ. ಓಟಿಗೆ ಕಾನೂನಿನ ಪ್ರಕಾರ ದುಪ್ಪಟ್ಟು, ಅಂದರೆ ಗಂಟೆಗೆ 175. ತಿಂಗಳಿಗೆ 40 ಗಂಟೆ ಹೆಚ್ಚು ನಿಂತರೆ 7,000 ರೂಪಾಯಿ. ಮೂರು ನಾಲ್ಕು ವರ್ಷ ಬಿಡದೆ ಬಂದ ಈ 7,000ವನ್ನು ಮನೆಯಲ್ಲಿ ಯಾರೂ ‘ಹೆಚ್ಚುವರಿ’ ಎಂದು ಕರೆಯುವುದಿಲ್ಲ. ಮಗಳ ಸ್ಕೂಲ್ ಫೀಸು ಅದರ ಮೇಲೆ ನಿಂತಿರುತ್ತದೆ. ಬಾಡಿಗೆ ಬಿಟ್ಟು ಭೋಗ್ಯಕ್ಕೆ ಹೋಗಲು ಮಾಡಿದ ಸಾಲದ ಕಂತೂ ಅದರಿಂದಲೇ ಹೋಗುತ್ತಿರುತ್ತದೆ.

ಒಂದು ಸೋಮವಾರ ನೋಟಿಸ್ ಬೋರ್ಡಿನಲ್ಲಿ ಅವನ ಹೆಸರು ಬರುತ್ತದೆ. ಇನ್ನು ಮುಂದೆ ಮೆಷಿನ್ ಬಿಟ್ಟು ಸ್ಟೋರ್ಸ್ ನೋಡಿಕೊಳ್ಳಬೇಕು, ಜನರಲ್ ಶಿಫ್ಟು, ಸಂಜೆ ಐದೂವರೆಗೆ ಮನೆಗೆ. ಕೇಳಲು ಹೋದರೆ ‘ನಿನ್ನ ಸಂಬಳದಲ್ಲಿ ಒಂದು ರೂಪಾಯಿಯನ್ನೂ ಮುಟ್ಟಿಲ್ಲವಲ್ಲಪ್ಪ’ ಎನ್ನುತ್ತಾರೆ. ಆ ಮಾತು ಸುಳ್ಳಲ್ಲ. ಮನೆಗೆ ಬರುವ ಹಣ 7,000 ಕಡಿಮೆಯಾಗಿದೆ ಎಂಬುದೂ ಸುಳ್ಳಲ್ಲ. ಎರಡೂ ನಿಜವಾಗಿರುವುದರಿಂದಲೇ ಇಂಥ ತಕರಾರು ಸಲೀಸಾಗಿ ಬಗೆಹರಿಯುವುದಿಲ್ಲ.

ಇದು ಶೆಡ್ಡಿನ ಪಾಡು ಮಾತ್ರ ಎಂದುಕೊಳ್ಳಬೇಡಿ. ಕೆಂಗೇರಿ ಡಿಪೋದ ಡ್ರೈವರಿಗೆ ಬೆನ್ನು ಹಿಡಿದುಕೊಂಡು ‘ಲೈಟ್ ಡ್ಯೂಟಿ’ಗೆ ಹೋದರೆ ರೂಟಿನ ಮೇಲೆ ಸಿಗುತ್ತಿದ್ದ ಇನ್ಸೆಂಟಿವ್ ಹೋಗುತ್ತದೆ. ಮೈಸೂರು ರಸ್ತೆಯ ಟೆಕ್ ಪಾರ್ಕಿನಲ್ಲಿ ರಾತ್ರಿ ಪಾಳಿ ಮಾಡುವವರನ್ನು ಹಗಲಿನ ಪ್ರಾಜೆಕ್ಟಿಗೆ ಹಾಕಿದರೆ ಶಿಫ್ಟ್ ಅಲೋಯನ್ಸ್ ನಿಲ್ಲುತ್ತದೆ. ಬಸವೇಶ್ವರನಗರದ ನರ್ಸಿಂಗ್ ಹೋಮಿನಲ್ಲಿ ಐಸಿಯುನಿಂದ ಓಪಿಡಿಗೆ ಬಂದ ನರ್ಸಿಗೂ ಇದೇ ಅನುಭವ. ಎಲ್ಲ ಕಡೆ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಆ ಹಣವನ್ನು ಕೊಡುತ್ತಿದ್ದುದು ಯಾವುದಕ್ಕೆ? ಮಾಡುವ ಕೆಲಸಕ್ಕೋ, ಕೂರುವ ಊರಿಗೋ, ಮನುಷ್ಯನ ದರ್ಜೆಗೋ, ಅಥವಾ ಎಲ್ಲರಿಗೂ ಕೊಡುತ್ತ ಬಂದ ವಾಡಿಕೆಗೋ?

ಈ ಪ್ರಶ್ನೆಗೆ ನಮ್ಮಲ್ಲಿ ಬಹಳ ಹಿಂದೆಯೇ ಬರವಣಿಗೆಯಲ್ಲಿ ಉತ್ತರ ಹುಡುಕಿದವರು ಬ್ಯಾಂಕಿನವರು. 1953ರ ಶಾಸ್ತ್ರಿ ತೀರ್ಪು, 1962ರ ದೇಸಾಯಿ ತೀರ್ಪು, ಆಮೇಲೆ 1966ರ ಅಕ್ಟೋಬರಿನ ಮೊದಲ ದ್ವಿಪಕ್ಷೀಯ ಒಪ್ಪಂದ, ಇವುಗಳಲ್ಲಿ ‘ವಿಶೇಷ ಭತ್ಯೆ’ ಎಂಬ ವ್ಯವಸ್ಥೆ ರೂಪುಗೊಂಡಿತು. ಸಾಮಾನ್ಯ ಗುಮಾಸ್ತೆಯ ಕೆಲಸಕ್ಕಿಂತ ಹೆಚ್ಚಿನ ಹೊಣೆ ಹೊತ್ತವರಿಗೆ, ಉದಾಹರಣೆಗೆ ಹೆಡ್ ಕ್ಯಾಷಿಯರಿಗೆ, ತಿಂಗಳಿಗೆ ಇಷ್ಟು ಎಂದು ಹೆಚ್ಚಿನ ಹಣ. 2005ರ ಜೂನಿನ ಎಂಟನೇ ಒಪ್ಪಂದದಲ್ಲಿ ಹುದ್ದೆಗಳ ಪಟ್ಟಿ ಬದಲಾಗಿ ಅದಕ್ಕೆ ‘ಸ್ಪೆಷಲ್ ಪೇ’ ಎಂಬ ಹೆಸರು ಬಂತು; ಸಿಂಗಲ್ ವಿಂಡೋ ಆಪರೇಟರ್, ಹೆಡ್ ಕ್ಯಾಷಿಯರ್, ಸ್ಪೆಷಲ್ ಅಸಿಸ್ಟೆಂಟ್ ಎಂಬ ವರ್ಗಗಳಾದವು. ನಿಯಮದ ತಿರುಳು ಮಾತ್ರ ಹಳೆಯದೇ. ಆ ಹೊಣೆ ಕೈಯಲ್ಲಿರುವವರೆಗೆ ಹಣ. ಹೊಣೆ ಇಳಿದ ದಿನ ಹಣವೂ ಇಳಿಯುತ್ತದೆ.

ಕಠಿಣವಾದರೂ ಇದರಲ್ಲಿ ಒಂದು ನ್ಯಾಯವಿದೆ ಎಂದು ನನಗೆ ಅನ್ನಿಸುತ್ತದೆ. ಸ್ಪೆಷಲ್ ಪೇ ಯಾರಿಗೆ ಎಂಬುದನ್ನು ಮ್ಯಾನೇಜರರ ಮರ್ಜಿಗೆ ಬಿಡದೆ ಹಿರಿತನದ ಲೆಕ್ಕಕ್ಕೆ ಕಟ್ಟಿಹಾಕಿದ್ದಾರೆ. ಪಿಂಚಣಿ, ಗ್ರಾಚ್ಯುಟಿಯ ಲೆಕ್ಕಕ್ಕೂ ಅದನ್ನು ಸೇರಿಸಿದ್ದಾರೆ. ಹಣ ಯಾವುದಕ್ಕೆ ಬರುತ್ತಿದೆ, ಯಾವಾಗ ನಿಲ್ಲುತ್ತದೆ ಎಂಬುದು ಮೊದಲ ದಿನದಿಂದಲೇ ಗೊತ್ತಿರುವುದರಿಂದ ಅದನ್ನು ನಂಬಿ ಎಷ್ಟು ಸಾಲ ಮಾಡಬಹುದು ಎಂಬ ಅಂದಾಜಾದರೂ ಮನೆಯವರಿಗೆ ಸಿಗುತ್ತದೆ.

ಆದರೆ ಒಪ್ಪಂದ ಮಾಡಿದವರು ಊಹಿಸದ ಪರಿಸ್ಥಿತಿಯೊಂದು ನಮ್ಮ ಕಣ್ಣೆದುರೇ ಬಂತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ ಸೇರಿಹೋಯಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದ ಪಾಲಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಹೋದವು. ಕನ್ನಡ ನಾಡಿನಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಬೋರ್ಡು ಮೂರೇ ವರ್ಷದಲ್ಲಿ ಇಳಿಯಿತು. ಆ ನೋವನ್ನು ಗ್ರಾಹಕರ ಕಡೆಯಿಂದ ಬಹಳಷ್ಟು ಜನ ಬರೆದಿದ್ದಾರೆ. ಕೌಂಟರಿನ ಆಚೆ ಕಡೆಯದನ್ನು ಬರೆದವರು ಕಡಿಮೆ. ಒಂದೇ ರಸ್ತೆಯಲ್ಲಿದ್ದ ಎರಡು ಶಾಖೆಗಳು ಒಂದಾದರೆ ಇಬ್ಬರು ಹೆಡ್ ಕ್ಯಾಷಿಯರುಗಳಲ್ಲಿ ಒಬ್ಬರಿಗಷ್ಟೇ ಆ ಕುರ್ಚಿ. ಕ್ಯಾಷ್ ಕೀಲಿಯ ಹೊಣೆ ವರ್ಷಗಟ್ಟಲೆ ಹೊತ್ತು, ಒಂದು ದಿನವೂ ತೂಕ ತಪ್ಪದೆ ಲೆಕ್ಕ ಒಪ್ಪಿಸಿದ ಇನ್ನೊಬ್ಬರು ಮತ್ತೆ ಸಾಮಾನ್ಯ ಕೌಂಟರಿಗೆ. ಅವರ ಕಡೆಯಿಂದ ತಪ್ಪಿಲ್ಲ, ಶಿಸ್ತುಕ್ರಮವಿಲ್ಲ, ಕೆಲಸವೂ ಹೋಗಿಲ್ಲ. ಹೋದದ್ದು ಸ್ಪೆಷಲ್ ಪೇ ಮಾತ್ರ. ನಿವೃತ್ತಿಗೆ ಒಂದೆರಡು ವರ್ಷ ಇರುವಾಗ ಹೀಗಾದರೆ ಪೆಟ್ಟು ಪಿಂಚಣಿಯವರೆಗೂ ಮುಟ್ಟಬಹುದು.

ಬ್ಯಾಂಕಿನ ಹೊರಗೆ ಇಂಥ ಲಿಖಿತ ಒಪ್ಪಂದ ಅಪರೂಪ. ಅಲ್ಲಿ ಆಸರೆಯಾಗಿ ನಿಂತದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9-ಎ ಕಲಂ. ಈ ಕಲಮನ್ನು ಕಾರ್ಮಿಕರ ಮನೆಮನೆಗೂ ತಲುಪಿಸಬೇಕಿತ್ತು; ತಲುಪಿಸಿಲ್ಲ. ಅದು ಹೇಳಿದ್ದು ಇಷ್ಟೇ: ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿರುವ ಸೇವಾ ಷರತ್ತುಗಳನ್ನು ಮಾಲೀಕರು ಬದಲಿಸುವುದಿದ್ದರೆ ಆ ಬದಲಾವಣೆ ತಟ್ಟುವ ಕಾರ್ಮಿಕರಿಗೆ ಮೊದಲು ನೋಟಿಸ್ ಕೊಡಬೇಕು, ಕೊಟ್ಟು 21 ದಿನ ಆಗುವವರೆಗೆ ಬದಲಾವಣೆ ತರಬಾರದು. ಅನುಸೂಚಿಯಲ್ಲಿ ವೇತನವಿದೆ, ಭತ್ಯೆಗಳಿವೆ, ಕೆಲಸದ ಅವಧಿಯಿದೆ, ಪಾಳಿ ಶುರುಮಾಡುವುದು ನಿಲ್ಲಿಸುವುದಿದೆ, ದರ್ಜೆ ವಿಂಗಡಣೆಯಿದೆ. ವಾಡಿಕೆಯಿಂದ ಬಂದ ಸವಲತ್ತನ್ನು ಹಿಂತೆಗೆಯುವುದೂ ಇದೆ. ಲಿಖಿತವಾಗಿ ಎಲ್ಲೂ ಇಲ್ಲದ, ಆದರೆ ವರ್ಷಗಳಿಂದ ಎಲ್ಲರಿಗೂ ಬರುತ್ತಿದ್ದ ಹಣಕ್ಕೆ ಈ ಕೊನೆಯ ಮಾತೇ ಆಧಾರ.

ಇದರ ಬಲ ಎಷ್ಟು ಎಂಬುದು ಇಂಡಿಯನ್ ಆಯಿಲ್ ಪ್ರಕರಣದಲ್ಲಿ ಗೊತ್ತಾಯಿತು. ಗುವಾಹಟಿ ರಿಫೈನರಿಯ ಕಾರ್ಮಿಕರಿಗೆ ಕೊಡುತ್ತಿದ್ದ ಅಸ್ಸಾಂ ಪರಿಹಾರ ಭತ್ಯೆಯನ್ನು ಕಂಪನಿ ನೋಟಿಸ್ ಕೊಡದೆ ನಿಲ್ಲಿಸಿತ್ತು. ಅದರ ಬದಲಿಗೆ ಮನೆಬಾಡಿಗೆಯ ನೆರವು ಕೊಡುತ್ತಿದ್ದೇವಲ್ಲ ಎಂಬುದು ಕಂಪನಿಯ ವಾದ. 1975ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಪರಿಹಾರ ಭತ್ಯೆ ಬೇರೆ, ಮನೆಯ ನೆರವು ಬೇರೆ. ಆ ಭತ್ಯೆ ಸೇವಾ ಷರತ್ತಿನ ಭಾಗವಾಗಿತ್ತು. 9-ಎ ನೋಟಿಸ್ ಇಲ್ಲದೆ ಅದನ್ನು ನಿಲ್ಲಿಸಿದ್ದು ಕಾನೂನಿಗೆ ವಿರುದ್ಧ ಎಂದಿತು. ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಮುಂದಿಟ್ಟು ಬಾಯಿ ಮುಚ್ಚಿಸಲು ನೋಡುವ ಆಡಳಿತಗಳಿಗೆ ಈ ತೀರ್ಪನ್ನು ತೋರಿಸಬಹುದು.

ಇದೇ ಕಲಂ ಕೈಗೆ ಸಿಗದೆ ಜಾರುವುದೂ ಉಂಟು. ಹಿಂದೂಸ್ತಾನ್ ಲಿವರ್ ತನ್ನ ಮಾರಾಟದ ಮೂರು ವಿಭಾಗಗಳನ್ನು ಎರಡಕ್ಕೆ ಇಳಿಸಿ ಕೆಲಸ ಮರುಹಂಚಿದಾಗ ಎದ್ದ ವಿವಾದದಲ್ಲಿ, ಬರೀ ಕೆಲಸದ ಪುನರ್‌ವ್ಯವಸ್ಥೆಗೆ 9-ಎ ಅನ್ವಯವಾಗದು ಎಂದು 1973ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಯಾರು ಯಾವ ಮೇಜಿನಲ್ಲಿ ಕೂರಬೇಕು ಎಂದು ತೀರ್ಮಾನಿಸುವುದು ಮಾಲೀಕರ ಹಕ್ಕು. ಸೇವಾ ಷರತ್ತಿಗೆ ಹಾನಿಯಾದಾಗ ಮಾತ್ರ ನೋಟಿಸಿನ ಪ್ರಶ್ನೆ. ಆದ್ದರಿಂದ ‘ನನ್ನನ್ನು ಸ್ಟೋರ್ಸಿಗೆ ಯಾಕೆ ಹಾಕಿದಿರಿ’ ಎಂದು ಜಗಳ ತೆಗೆದರೆ ಸೋಲುವ ಸಾಧ್ಯತೆಯೇ ಹೆಚ್ಚು. ‘ಈ ಬದಲಾವಣೆಯಿಂದ ನನ್ನ ಇಂಥ ಭತ್ಯೆ ನಿಂತಿದೆ, ಇದಕ್ಕೆ ನೋಟಿಸ್ ಕೊಟ್ಟಿಲ್ಲ’ ಎಂದು ಕೇಳಿದರೆ ವಾದಕ್ಕೆ ಕಾಲು ಸಿಗುತ್ತದೆ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಹಳೆಯ 9-ಎ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಂ ಆಗಿದೆ, ಅನುಸೂಚಿ ಮೂರನೆಯದಾಗಿದೆ. 21 ದಿನ ಉಳಿದಿದೆ. ಹೊಸ ವಿನಾಯಿತಿಯೊಂದು ಸೇರಿದೆ: ತುರ್ತು ಪರಿಸ್ಥಿತಿಯಲ್ಲಿ ಕುಂದುಕೊರತೆ ಸಮಿತಿಯೊಂದಿಗೆ ಸಮಾಲೋಚಿಸಿ ಪಾಳಿ ಬದಲಿಸಿದರೆ ನೋಟಿಸ್ ಬೇಡ. ಯಾವುದು ತುರ್ತು ಎಂದು ಹೇಳುವವರು ಯಾರು ಎಂಬ ಅನುಮಾನ ನನಗಿದೆ. ಪಾಳಿ ಭತ್ಯೆಯನ್ನು ನೆಚ್ಚಿಕೊಂಡವರು ಈ ಬಾಗಿಲಿನ ಮೇಲೆ ಕಣ್ಣಿಟ್ಟಿರಬೇಕು.

ಓಟಿಯ ವಿಷಯಕ್ಕೆ ಬಂದರೆ ಕಹಿಯಾದರೂ ನಿಜವನ್ನೇ ಹೇಳಬೇಕು. ಹೆಚ್ಚಿನ ಗಂಟೆ ದುಡಿಸಿಕೊಂಡರೆ ದುಪ್ಪಟ್ಟು ಕೊಡಲೇಬೇಕು ಎಂಬುದು ಹಕ್ಕು. ನನಗೆ ಹೆಚ್ಚಿನ ಗಂಟೆ ಕೆಲಸ ಕೊಡಲೇಬೇಕು ಎಂಬುದು ಸಾಮಾನ್ಯವಾಗಿ ಹಕ್ಕಲ್ಲ. ಕಾನೂನಿನ ಕಣ್ಣಿನಲ್ಲಿ ಓಟಿ ಕಾರ್ಮಿಕನ ಮೈಮೇಲೆ ಬೀಳುವ ಹೊರೆ, ಅದಕ್ಕೊಂದು ಮಿತಿ ಇರಬೇಕು. ಹೊಸ ಸಂಹಿತೆಯೂ ಕಾರ್ಮಿಕನ ಒಪ್ಪಿಗೆಯಿಲ್ಲದೆ ಓಟಿ ಮಾಡಿಸಬಾರದು ಎನ್ನುತ್ತದೆ. ಕರ್ನಾಟಕ ಸರ್ಕಾರ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿಯ ಮಿತಿಯನ್ನು 144ಕ್ಕೆ ಏರಿಸಿತು. ದೇಹ ಸವೆಸುವ ಕಾನೂನು ಎಂದು ಕಾರ್ಮಿಕ ಸಂಘಟನೆಗಳು ಅದನ್ನು ವಿರೋಧಿಸಿದವು, ಆ ವಿರೋಧ ಸರಿಯಾದದ್ದೇ. ಆದರೆ ಮೂಲ ವೇತನದಲ್ಲಿ ಬೆಂಗಳೂರಿನ ಬಾಡಿಗೆ ಕಟ್ಟಲಾಗದ ಮನೆಯಲ್ಲಿ ಅದೇ ಓಟಿಗಾಗಿ ಕಾಯುತ್ತಾರೆ. ಮೇಲೆ ಹೇಳಿದ ಆಪರೇಟರು ಮೂರು ತಿಂಗಳಿಗೆ 120 ಗಂಟೆ ದುಡಿಯುವವನು. ಹಳೆಯ ಮಿತಿಯಲ್ಲಿ ಅವನಿಗೆ ಅಷ್ಟು ಓಟಿ ಸಿಗುತ್ತಲೇ ಇರಲಿಲ್ಲ. ಮೂಲ ವೇತನವನ್ನು ತಗ್ಗಿಸಿಟ್ಟು ಓಟಿಯಿಂದ ಹೊಟ್ಟೆ ತುಂಬಿಸುವ ಏರ್ಪಾಡೇ ಇಲ್ಲಿ ಮೂಲ ರೋಗ. ಕೆಲಸ ಬದಲಾದ ದಿನ ಅದು ಹೊರಗೆ ಕಾಣುತ್ತದೆ, ಅಷ್ಟೇ.

‘ಬಡ್ತಿ’ಯ ಹೆಸರಿನಲ್ಲಿ ಓಟಿ ನಿಲ್ಲಿಸುವುದು ಇನ್ನೊಂದು ಬಗೆ. ಆಪರೇಟರನ್ನು ಸೂಪರ್‌ವೈಸರ್ ಎಂದು ಕರೆದು, 1,500 ರೂಪಾಯಿ ಹೆಚ್ಚಿಸಿ, ಇನ್ನು ನಿನಗೆ ಓಟಿ ಇಲ್ಲ ಎನ್ನುವುದು. ಮೇಲ್ವಿಚಾರಣೆಯ ಕೆಲಸ ಮಾಡುತ್ತ ತಿಂಗಳಿಗೆ 18,000ಕ್ಕಿಂತ ಹೆಚ್ಚು ಪಡೆಯುವವರು ಹೊಸ ಸಂಹಿತೆಯ ಅರ್ಥದಲ್ಲಿ ಕಾರ್ಮಿಕರಲ್ಲ. ಹಳೆಯ ಕಾಯ್ದೆಯಲ್ಲಿ ಈ ಗಡಿ 10,000 ಇತ್ತು. ಆ ಗೆರೆ ದಾಟಿದರೆ 21 ದಿನದ ನೋಟಿಸಿನ ರಕ್ಷಣೆಯೂ ಹೋಗುತ್ತದೆ. ಆದರೆ ಐಡಿ ಕಾರ್ಡಿನ ಮೇಲೆ ಬರೆದ ಪದವಿಯನ್ನು ನೋಡಿ ನ್ಯಾಯಾಲಯಗಳು ಇದನ್ನು ತೀರ್ಮಾನಿಸುವುದಿಲ್ಲ. ಅರ್ಕಾಲ್ ಗೋವಿಂದ ರಾಜ ರಾವ್ ಮತ್ತು ಸೀಬಾ ಗೈಗಿ ಕಂಪನಿಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲಿ ಇದನ್ನು ಸ್ಪಷ್ಟಮಾಡಿದೆ: ನೋಡಬೇಕಾದದ್ದು ಆತ ಮುಖ್ಯವಾಗಿ ಮಾಡುವ ಕೆಲಸವನ್ನು. ಹೆಸರಿಗೆ ಸೂಪರ್‌ವೈಸರ್ ಆಗಿ ದಿನವಿಡೀ ಮೆಷಿನ್ನಿನ ಮುಂದೆಯೇ ನಿಲ್ಲುವವರು ಕಾರ್ಮಿಕರೇ. ಅಂಥವರು ತಾವು ಮಾಡಿದ ಕೆಲಸದ ಜಾಬ್ ಕಾರ್ಡುಗಳ ಫೋಟೋ ಇಟ್ಟುಕೊಳ್ಳುವುದು ಒಳ್ಳೆಯದು.

ಆರೋಗ್ಯ ಕೆಟ್ಟು ಕೆಲಸ ಬದಲಾದವರ ಸ್ಥಿತಿ ಬೇರೆ. ಸರ್ಕಾರಿ ಸಂಸ್ಥೆಯ ನೌಕರ ಸೇವೆಯಲ್ಲಿದ್ದಾಗ ಅಂಗವಿಕಲನಾದರೆ ಅವನನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ವೇತನ ಶ್ರೇಣಿ ಮತ್ತು ಸೇವಾ ಸೌಲಭ್ಯಗಳೊಂದಿಗೆ ಬೇರೆ ಹುದ್ದೆ ಕೊಡಬೇಕು. ಮೊದಲು 1995ರ ಕಾಯ್ದೆಯ 47ನೇ ಕಲಂ ಇದನ್ನು ಹೇಳಿತ್ತು, ಈಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಸಾರಿಗೆ ನಿಗಮಗಳ ಡ್ರೈವರುಗಳಿಗೆ ಇದು ದೊಡ್ಡ ಆಸರೆ. ಆದರೆ ಮಾತನ್ನು ಗಮನಿಸಿ: ಉಳಿಯುವುದು ವೇತನ ಶ್ರೇಣಿ. ಸ್ಟೀರಿಂಗ್ ಹಿಡಿದದ್ದಕ್ಕೆ ಬರುತ್ತಿದ್ದ ಇನ್ಸೆಂಟಿವ್ ಅದರಲ್ಲಿ ತಾನಾಗಿಯೇ ಸೇರುವುದಿಲ್ಲ.

ಇಂಥಲ್ಲಿ ಹಳೆಯ ಕಾಗದವೊಂದು ಹೇಗೆ ಕೈಹಿಡಿಯುತ್ತದೆ ಎಂಬುದಕ್ಕೆ ಪಕ್ಕದ ತೆಲಂಗಾಣದ ಉದಾಹರಣೆ ಇದೆ. ಬಣ್ಣಗುರುಡಿನ ಕಾರಣಕ್ಕೆ ಅಲ್ಲಿನ ಸಾರಿಗೆ ಸಂಸ್ಥೆ ಒಬ್ಬ ಡ್ರೈವರನ್ನು ಕೆಲಸದಿಂದ ತೆಗೆದಿತ್ತು. ಸಂಘಟನೆ ಮತ್ತು ಆಡಳಿತ 1979ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ, ಬಣ್ಣಗುರುಡಾದ ಡ್ರೈವರುಗಳಿಗೆ ವೇತನ ಉಳಿಸಿ ಬೇರೆ ಕೆಲಸ ಕೊಡಬೇಕೆಂಬ ಷರತ್ತಿತ್ತು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆ ಷರತ್ತು ಇನ್ನೂ ಜೀವಂತವಿದೆ ಎಂದು ಹೇಳಿ, ಅವರಿಗೆ ಅದೇ ವೇತನ ದರ್ಜೆಯಲ್ಲಿ ಸೂಕ್ತ ಹುದ್ದೆ ಕೊಡುವಂತೆ ಆದೇಶಿಸಿತು. ಆ ಷರತ್ತನ್ನು ಬರೆಸಿದವರು ನಾಲ್ಕು ದಶಕದ ಮೇಲೆ ಯಾರ ಮನೆಯ ಒಲೆ ಉರಿಯುತ್ತದೆ ಎಂದು ನೋಡಿ ಬರೆಸಿದ್ದಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ನ್ಯಾಯವಾದ ಏರ್ಪಾಡು ರೈಲ್ವೆಯದು. ಲೋಕೋ ಪೈಲಟರಿಗೂ ಗಾರ್ಡುಗಳಿಗೂ ಓಡಿಸಿದ ಕಿಲೋಮೀಟರಿನ ಲೆಕ್ಕದಲ್ಲಿ ರನ್ನಿಂಗ್ ಅಲೋಯನ್ಸ್ ಸಿಗುತ್ತದೆ. ಕೆಂಗೇರಿಯ ಮೇಲೆ ಮೈಸೂರಿಗೆ ಗಾಡಿ ಒಯ್ಯುವವರ ಸಂಪಾದನೆಯಲ್ಲಿ ಅದರದು ದೊಡ್ಡ ಪಾಲು. ಗಾಡಿ ಓಡಿಸದಿದ್ದರೆ ಕಿಲೋಮೀಟರಿಲ್ಲ, ಕಿಲೋಮೀಟರಿಲ್ಲದಿದ್ದರೆ ಹಣವಿಲ್ಲ ಎಂದು ರೈಲ್ವೆ ಹೇಳಿಬಿಡಬಹುದಿತ್ತು. ಹಾಗೆ ಹೇಳಲಿಲ್ಲ. ಆ ಭತ್ಯೆಯಲ್ಲಿ ಒಂದಿಷ್ಟು ಪಾಲು ಪ್ರಯಾಣದ ಖರ್ಚು, ಇನ್ನೊಂದಿಷ್ಟು ನಿಜವಾದ ವೇತನವೇ ಎಂದು ಒಪ್ಪಿಕೊಂಡಿತು. ಮೂಲ ವೇತನದ 30 ಶೇಕಡಾವನ್ನು ಈ ‘ವೇತನದ ಅಂಶ’ ಎಂದು ಗುರುತಿಸಿತು. ಕಣ್ಣಿನ ಪರೀಕ್ಷೆಯಲ್ಲೋ ಹೃದಯದ ಪರೀಕ್ಷೆಯಲ್ಲೋ ಅನರ್ಹನಾದ ಲೋಕೋ ಪೈಲಟನ್ನು ಕಚೇರಿಯ ಹುದ್ದೆಗೆ ಹಾಕುವಾಗ, ಈ 30 ಶೇಕಡಾವನ್ನು ಅವನ ವೇತನಕ್ಕೆ ಸೇರಿಸಿಯೇ ಹೊಸ ವೇತನ ನಿಗದಿ ಮಾಡುತ್ತಾರೆ. ನಿವೃತ್ತಿ ಸೌಲಭ್ಯಗಳ ಲೆಕ್ಕದಲ್ಲಿ ಈ ಪ್ರಮಾಣ 55 ಶೇಕಡಾ. ಪೂರ್ತಿ ಹಣ ಉಳಿಯುವುದಿಲ್ಲ, ಆದರೆ ನೆಲಕ್ಕೆ ಬೀಳುವುದಿಲ್ಲ. ಪ್ರತಿ ತಿಂಗಳು ಬರುವ ಹೆಚ್ಚುವರಿ ಹಣದೊಳಗೆ ವೇತನದ ಅಂಶವಿದೆ ಎಂಬುದನ್ನು ದೇಶದ ಅತಿ ದೊಡ್ಡ ಮಾಲೀಕರಲ್ಲೊಬ್ಬರು ನಿಯಮವಾಗಿಯೇ ಒಪ್ಪಿರುವಾಗ ಉಳಿದವರು ಯಾಕೆ ಒಪ್ಪಬಾರದು?

ಕೈಗೆ ಬರುವ ಹಣ ಕಡಿಮೆಯಾಗುವುದರ ಹಿಂದೆಯೇ ಇನ್ನೊಂದು ನಷ್ಟ ಬರುತ್ತದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮುಂದೆ ಚೀಟಿ ಹಿಡಿದು ನಿಲ್ಲುವವರಿಗೆ ಇದರ ಬಿಸಿ ತಟ್ಟುವುದು ತಡವಾಗಿ. 1948ರ ಇಎಸ್‌ಐ ಕಾಯ್ದೆಯ ಕಾಲದಿಂದ ನಡೆದುಬಂದ ಲೆಕ್ಕದಲ್ಲಿ, 21,000 ರೂಪಾಯಿಯ ಮಿತಿಗೆ ಓಟಿಯನ್ನು ಸೇರಿಸುತ್ತಿರಲಿಲ್ಲ, ವಂತಿಗೆ ಕಟ್ಟಲು ಮಾತ್ರ ಸೇರಿಸುತ್ತಿದ್ದರು. ಕಾಯಿಲೆ ಬಿದ್ದಾಗ ಸಿಗುವ ನಗದು ಸರಾಸರಿ ದಿನಗೂಲಿಯ 70 ಶೇಕಡಾ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗಿನ ದುಡಿಮೆಯ ಲೆಕ್ಕ ಮುಂದಿನ ಜನವರಿಯಿಂದ ಜೂನಿನವರೆಗಿನ ಸೌಲಭ್ಯಕ್ಕೆ ಬರುತ್ತಿತ್ತು. ಅಂದರೆ ಬೇಸಗೆಯಲ್ಲಿ ಓಟಿ ನಿಂತವನು ಮರುವರ್ಷ ಹಾಸಿಗೆ ಹಿಡಿದಾಗ ಮತ್ತೊಮ್ಮೆ ಕಳೆದುಕೊಳ್ಳುತ್ತಿದ್ದ. ಹೊಸ ಸಂಹಿತೆಗಳ ವೇತನದ ವ್ಯಾಖ್ಯೆಯಲ್ಲಂತೂ ಓಟಿ ಭತ್ಯೆಯನ್ನು ಹೊರಗಿಟ್ಟಿದ್ದಾರೆ.

ಕೆಲಸ ಬದಲಿಸಿದ ಆದೇಶ ಕೈಗೆ ಬಂದಾಗ ಕೆಲಸಕ್ಕೆ ಹೋಗದೆ ಮನೆಯಲ್ಲಿ ಕೂರಬೇಡಿ. ಆಗ ವಿವಾದ ಭತ್ಯೆಯ ಬಗ್ಗೆ ಉಳಿಯದೆ ನಿಮ್ಮ ಗೈರುಹಾಜರಿಯ ಬಗ್ಗೆ ತಿರುಗುತ್ತದೆ. ಹೊಸ ಕೆಲಸಕ್ಕೆ ಹಾಜರಾಗಿ, ಅದೇ ವಾರ ಒಂದು ಪತ್ರ ಕೊಡಿ. ಕನ್ನಡದಲ್ಲಿ, ಒಂದೇ ಪುಟ ಸಾಕು: ಇಂಥ ದಿನದಿಂದ ಇಂಥ ಹಣ ಬರುತ್ತಿತ್ತು, ಇಂಥ ದಿನ ನಿಂತಿದೆ, ಮುಂಚಿತವಾಗಿ ನೋಟಿಸ್ ಬಂದಿಲ್ಲ, ನನ್ನ ಆಕ್ಷೇಪ ಉಳಿಸಿಕೊಂಡು ಕೆಲಸ ಮಾಡುತ್ತಿದ್ದೇನೆ. ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ, ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಲೇಬೇಕು. ಒಂದು ವರ್ಷದೊಳಗೆ ಅಲ್ಲಿಗೆ ಅರ್ಜಿ ಹಾಕಬಹುದು, ಅದು 30 ದಿನದಲ್ಲಿ ವಿಚಾರಣೆ ಮುಗಿಸಬೇಕು. ದುಡಿದ ಗಂಟೆಗೆ ಓಟಿ ಕೊಡದೇ ಉಳಿಸಿಕೊಂಡಿದ್ದರೆ ಅದು ಬೇರೆಯೇ ಬಾಕಿ, ವೇತನ ಸಂಹಿತೆಯಡಿ ಅದಕ್ಕೆ ಮೂರು ವರ್ಷದವರೆಗೆ ಅವಕಾಶವಿದೆ. ಹಳೆಯ ಸ್ಲಿಪ್ಪುಗಳನ್ನು ಎಸೆಯಬೇಡಿ. ವಾಡಿಕೆ ಎಂದು ವಾದಿಸುವವರ ಕೈಯಲ್ಲಿ ಎರಡು ತಿಂಗಳ ಸ್ಲಿಪ್ಪಿಗಿಂತ ಐದು ವರ್ಷದ ಕಟ್ಟಿಗೆ ತೂಕ ಹೆಚ್ಚು.

ಸಂಘಟನೆ ಇರುವ ಕಡೆ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಒಂದು ಷರತ್ತನ್ನು ಬರೆಸಲೇಬೇಕು. ಎರಡು ವರ್ಷ ಬಿಡದೆ ಪಡೆದ ಓಟಿ, ಪಾಳಿ ಭತ್ಯೆ ಅಥವಾ ಇನ್ಸೆಂಟಿವ್ ಕಾರ್ಮಿಕನ ತಪ್ಪಿಲ್ಲದೆ ಕೆಲಸ ಬದಲಾದ ಕಾರಣಕ್ಕೆ ನಿಂತರೆ, ಅದರ ಸರಾಸರಿಯ ಒಂದು ಪಾಲನ್ನು ವೈಯಕ್ತಿಕ ವೇತನವಾಗಿ ಮುಂದುವರಿಸಬೇಕು, ಉಳಿದದ್ದನ್ನು ಒಂದೇ ಸಲಕ್ಕೆ ಕತ್ತರಿಸದೆ ಹನ್ನೆರಡು ತಿಂಗಳಲ್ಲಿ ಇಳಿಸಬೇಕು. ಪ್ರಮಾಣ ಎಷ್ಟು ಎಂಬ ಚೌಕಾಸಿಗೆ ಕೂತಾಗ ಲೋಕೋ ಪೈಲಟರ 30 ಶೇಕಡಾವನ್ನು ಮೇಜಿನ ಮೇಲಿಟ್ಟು ಮಾತು ಶುರುಮಾಡಬಹುದು.